ಮೋಟಾರು ಸುಡುವ ಮುನ್ನ: ತೋಟಗಾರರಿಗೆ ತಕ್ಕ ಕ್ಲ್ಯಾಂಪ್ ಮೀಟರು

ರೊಬಸ್ಟಾ ಕಾಫಿಗೆ ಹೂವಿನ ನೀರು ಕೊಡುವ ಕಾಲವೂ ಅಡಿಕೆ ತೋಟಕ್ಕೆ ನೀರು ತಪ್ಪಿಸಬಾರದ ಕಾಲವೂ ಒಂದೇ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ. ವೋಲ್ಟೇಜು ಕುಸಿಯುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯೇರುತ್ತದೆ.

ಒಂದು ಬೇಸಿಗೆಯಲ್ಲಿ ನಮ್ಮ 5 ಅಶ್ವಶಕ್ತಿಯ ಮೋಟಾರು ಹೀಗೆಯೇ ಸುಟ್ಟಿತು. ಅದಕ್ಕೆ ಮುಂಚೆ ಎರಡು ದಿನ ಸ್ಟಾರ್ಟರು ಪದೇ ಪದೇ ಟ್ರಿಪ್ ಆಗುತ್ತಿತ್ತು. ನಾವು ರಿಲೇಯ ತಿರುಪನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿ ಪಂಪು ಓಡಿಸಿದೆವು. ರಿವೈಂಡಿಂಗ್ ಮುಗಿದು ಮೋಟಾರು ಮರಳಿ ಬರುವಷ್ಟರಲ್ಲಿ ವಾರ ಕಳೆದಿತ್ತು, ಎಳೆಯ ಅಡಿಕೆ ಸಸಿಗಳು ಬಾಡಿದ್ದವು. ಮೋಟಾರು ಸೂಚನೆ ಕೊಟ್ಟಿತ್ತು. ಅದನ್ನು ಓದುವ ಸಾಧನ ನಮ್ಮಲ್ಲಿರಲಿಲ್ಲ.

ವಯರ್‌ಮನ್ನರು ಟಾಂಗ್ ಟೆಸ್ಟರ್ ಎನ್ನುವ ಕ್ಲ್ಯಾಂಪ್ ಮೀಟರೇ ಆ ಸಾಧನ. ಇಕ್ಕಳದಂತಹ ಅದರ ಬಾಯಿಯನ್ನು ವಯರಿನ ಸುತ್ತ ಹಾಕಿದರೆ, ವಯರನ್ನು ಬಿಚ್ಚದೆ ಕತ್ತರಿಸದೆ, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದು ತಿಳಿಯುತ್ತದೆ. ಪೇಟೆಯಲ್ಲಿ ಇದು ಸಾವಿರ ರೂಪಾಯಿಯ ಆಸುಪಾಸಿನಿಂದ ಹತ್ತು ಸಾವಿರ ಮೀರಿದ ಬೆಲೆಯವರೆಗೂ ಸಿಗುತ್ತದೆ. ವರ್ಷಕ್ಕೆ ಹತ್ತಾರು ಸಲ ಬಳಸುವ ನಮಗೆ ದುಬಾರಿಯದು ಬೇಕಾಗಿಲ್ಲ. ಆದರೆ ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಅರಿತಿರಬೇಕು.

ಕೊಳ್ಳುವಾಗ ನೋಡಬೇಕಾದದ್ದು

ಮೊದಲನೆಯದು, ಸಣ್ಣ ಕರೆಂಟನ್ನು ಸರಿಯಾಗಿ ಓದುವ ಗುಣ. ಅಂಗಡಿಯವರು 600 ಆಂಪಿಯರ್, 1000 ಆಂಪಿಯರ್ ಎಂದು ಹೊಗಳಬಹುದು. ನಮ್ಮ 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಎಳೆಯುವುದು ಸುಮಾರು 7ರಿಂದ 8 ಆಂಪಿಯರ್ ಮಾತ್ರ. ಸಬ್‌ಮರ್ಸಿಬಲ್ ಆದರೆ ತುಸು ಹೆಚ್ಚು. ಮೀಟರಿನ ಪುಸ್ತಿಕೆಯಲ್ಲಿ ತಪ್ಪಿನ ಮಿತಿಯನ್ನು ‘ಶೇಕಡ 2, ಜೊತೆಗೆ 5 ಅಂಕಿ’ ಎಂಬಂತೆ ಕೊಟ್ಟಿರುತ್ತಾರೆ. ಮೀಟರು 0.1 ಆಂಪಿಯರಿನ ಹೆಜ್ಜೆಯಲ್ಲಿ ಓದುವುದಾದರೆ ಆ 5 ಅಂಕಿಯೇ ಅರ್ಧ ಆಂಪಿಯರ್ ಆಯಿತು. 0.01ರ ಹೆಜ್ಜೆಯಾದರೆ ಅದು 0.05 ಮಾತ್ರ. ಆದುದರಿಂದ 20 ಅಥವಾ 40 ಆಂಪಿಯರಿನ ಕೆಳಗಿನ ರೇಂಜು ಇರುವ ಮೀಟರನ್ನೇ ಕೇಳಿ.

ಎರಡನೆಯದು, ಸುರಕ್ಷತೆ. ಮೀಟರಿನ ಮೇಲೆ ‘ಕ್ಯಾಟ್ 3, 600 ವೋಲ್ಟು’ ಎಂಬ ಗುರುತಿರಬೇಕು. 3 ಎಂಬುದನ್ನು ರೋಮನ್ ಅಂಕಿಯಲ್ಲಿ ಬರೆದಿರುತ್ತಾರೆ. ಸ್ಟಾರ್ಟರು, ಬೋರ್ಡುಗಳಂತಹ ಸ್ಥಿರ ವಯರಿಂಗಿಗೆ ಬೇಕಾದ ದರ್ಜೆಯಿದು. ಇಲ್ಲಿ ಉಳಿಸುವ ಹಣ ಉಳಿತಾಯವಲ್ಲ.

ಸೋಲಾರ್ ಪಂಪು ಉಳ್ಳವರು ಪ್ಯಾನೆಲಿನ ಕರೆಂಟು ಅಳೆಯಬೇಕಾದರೆ ಡಿ.ಸಿ. ಆಂಪಿಯರನ್ನೂ ಬಾಯಿಯಿಂದಲೇ ಓದುವ ಮೀಟರು ಕೊಳ್ಳಬೇಕು. ವಿ.ಎಫ್.ಡಿ. ಡ್ರೈವಿನ ಮೂಲಕ ಮೋಟಾರು ಓಡಿಸುವವರಿಗೆ ‘ಟ್ರೂ ಆರ್.ಎಂ.ಎಸ್.’ ಮೀಟರು ಬೇಕು. ಉಳಿದವರು ಇವೆರಡಕ್ಕೂ ಹಣ ಹಾಕಬೇಕಾಗಿಲ್ಲ.

ಅಳೆಯುವ ಕ್ರಮ

ಒಮ್ಮೆಗೆ ಒಂದೇ ವಯರಿನ ಸುತ್ತ ಬಾಯಿ ಹಾಕಬೇಕು. ಮೂರನ್ನೂ ಒಟ್ಟಿಗೆ ಹಿಡಿದರೆ ಮೀಟರು ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಮೇನ್ ಸ್ವಿಚ್ ಆರಿಸಿ, ಇನ್ಸುಲೇಶನ್ ಇರುವ ವಯರಿಗೆ ಮೀಟರು ಸಿಕ್ಕಿಸಿ, ಆಮೇಲೆ ಮೋಟಾರು ಚಾಲೂ ಮಾಡುವುದು ಕ್ಷೇಮ. ಒದ್ದೆ ಕೈ, ಬರಿಗಾಲು ಕೂಡದು. ಚಾಲೂ ಆಗುವಾಗ ಕರೆಂಟು ಹಲವು ಪಟ್ಟು ಏರುವುದು ಸಹಜ. ನೀರು ಸರಿಯಾಗಿ ಬಂದ ಮೇಲೆ ಓದಿಕೊಳ್ಳಿ.

ಮೂರು ಫೇಸುಗಳ ಓದು 7.2, 7.4, 8.8 ಬಂದಿತೆನ್ನೋಣ. ಸರಾಸರಿ 7.8. ಒಂದು ಫೇಸು ಸರಾಸರಿಗಿಂತ 1 ಆಂಪಿಯರ್, ಅಂದರೆ ಸುಮಾರು ಶೇಕಡ 13 ಹೆಚ್ಚಾಗಿದೆ. ಶೇಕಡ 5 ದಾಟಿದರೆ ಕಾರಣ ಹುಡುಕಬೇಕು. 10 ದಾಟಿದರೆ ಓಡಿಸದಿರುವುದೇ ಲೇಸು.

ದೋಷ ಲೈನಿನದೋ ಮೋಟಾರಿನದೋ? ಮೇನ್ ಆರಿಸಿ, ಮೋಟಾರಿಗೆ ಹೋಗುವ ಮೂರು ವಯರುಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸಲು ವಯರ್‌ಮನ್ನರಿಗೆ ಹೇಳಿ. ಇದರಿಂದ ಮೋಟಾರು ತಿರುಗುವ ದಿಕ್ಕು ಬದಲಾಗದು. ಮತ್ತೆ ಅಳೆದಾಗ ಹೆಚ್ಚಿನ ಓದು ಅದೇ ಲೈನಿನಲ್ಲಿ ಉಳಿದರೆ ದೋಷ ಸರಬರಾಜಿನದು. ವಯರಿನೊಂದಿಗೆ ಅದೂ ಸರಿದರೆ ದೋಷ ಮೋಟಾರಿನದು ಅಥವಾ ಕೇಬಲ್ಲಿನದು. ಲೈನಿನ ದೋಷಕ್ಕೆ ಮೋಟಾರನ್ನು ಬಿಚ್ಚಿಸುವ ದಂಡ ಇದರಿಂದ ತಪ್ಪುತ್ತದೆ.

ಮೋಟಾರು ಸುಸ್ಥಿತಿಯಲ್ಲಿರುವಾಗಲೇ ಮೂರು ಫೇಸುಗಳ ಓದನ್ನು ತಾರೀಖಿನೊಡನೆ ಸ್ಟಾರ್ಟರಿನ ಬಾಗಿಲಿನ ಒಳಗೆ ಬರೆದಿಡಿ. ಮೋಟಾರಿನ ತಗಡಿನ ಮೇಲಿರುವ ಆಂಪಿಯರ್ ಅಂಕಿಯನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಓದು ಅದನ್ನು ಮೀರಿದ ದಿನ ರಿಲೇ ತಿರುಪಿಗೆ ಕೈಹಾಕದೆ ಪಂಪು ನಿಲ್ಲಿಸಿ.

ಒಬ್ಬರಿಗೇ ಹೊರೆಯೆನಿಸಿದರೆ ನೆರೆಯ ನಾಲ್ಕು ಮನೆಯವರು ಕೂಡಿ ಒಂದು ಮೀಟರು ಕೊಳ್ಳಬಹುದು. ನಾವು ಈಗ ಹಾಗೆಯೇ ಮಾಡಿದ್ದೇವೆ. ಕೆಲಸ ಮುಗಿದೊಡನೆ ಬ್ಯಾಟರಿ ತೆಗೆದಿಟ್ಟರೆ ಅದು ಸೋರಿ ಮೀಟರು ಕೆಡುವುದು ತಪ್ಪುತ್ತದೆ.