ಹ್ಯಾಂಡೆಲನ ‘ಮೆಸ್ಸೀಯ’ ಮತ್ತು ನಮ್ಮ ಅಲ್ಲೆಲೂಯ

ಪಾಸ್ಖ ಜಾಗರಣೆಯ ರಾತ್ರಿ ಪ್ರೇಷಿತರ ಪತ್ರದ ವಾಚನ ಮುಗಿದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ತಪಸ್ಸುಕಾಲದ ಉದ್ದಕ್ಕೂ ದೈವಾರಾಧನೆಯಲ್ಲಿ ಕೇಳಿಬರದಿದ್ದ ಒಂದು ಪದವನ್ನು ಗುರು ಮೂರು ಬಾರಿ, ಪ್ರತಿ ಬಾರಿಯೂ ಸ್ವರವನ್ನು ಏರಿಸುತ್ತ, ಹಾಡುತ್ತಾನೆ. ಪ್ರತಿ ಬಾರಿಯೂ ಸಭೆ ಅದನ್ನೇ ಮರಳಿ ಹಾಡುತ್ತದೆ. ಆ ಪದವೇ ‘ಅಲ್ಲೆಲೂಯ’.

ಅಂಬಾಜಿದುರ್ಗದ ತಪ್ಪಲಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ನಾನು ಸಹಾಯಕ ಗುರುವಾಗಿದ್ದ ಮೊದಲ ವರ್ಷ, ಈ ವಿಧಿಯನ್ನು ಬದಿಗಿಟ್ಟು ಆ ಜಾಗದಲ್ಲಿ ಹ್ಯಾಂಡೆಲನ ‘ಅಲ್ಲೆಲೂಯ’ ವೃಂದಗಾನವನ್ನು ಹಾಡಿಸಿದೆ. ಹನ್ನೆರಡು ಮಂದಿ ಯುವಕ ಯುವತಿಯರು ಎರಡು ತಿಂಗಳು ಕಷ್ಟಪಟ್ಟು ಕಲಿತಿದ್ದರು. ಕೀಬೋರ್ಡು ಬಾಡಿಗೆಗೆ ಬಂದಿತ್ತು. ಎಲ್ಲವೂ ಚೆನ್ನಾಗಿಯೇ ನಡೆಯಿತು. ಪೂಜೆ ಮುಗಿದ ಮೇಲೆ ವೃದ್ಧೆಯೊಬ್ಬರು ಬಾಗಿಲ ಬಳಿ ನಿಂತು, “ಹುಡುಗರು ಚೆನ್ನಾಗಿ ಹಾಡಿದರು ಸ್ವಾಮಿ. ಆದರೆ ನಲವತ್ತು ದಿನ ನಾವೂ ಬಾಯಿ ಕಟ್ಟಿಕೊಂಡಿದ್ದೆವಲ್ಲ, ನಮಗೂ ಒಂದು ಸಾರಿ ಹಾಡುವುದಕ್ಕೆ ಬಿಡಬಾರದಿತ್ತೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೂರು ಶತಮಾನಗಳಿಗೆ ಹತ್ತಿರವಾಗುತ್ತಿದ್ದರೂ ಹ್ಯಾಂಡೆಲನ ಈ ಕೃತಿ ಜೀವಂತವಾಗಿದೆ. ಅದನ್ನು ಪಡೆದುಕೊಂಡ ಪ್ರತಿಯೊಂದು ಜನಾಂಗವೂ ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಂಡಿದೆ. ನಾವು ಪಡೆದುಕೊಂಡದ್ದು ಏನನ್ನು, ಇನ್ನೂ ಪಡೆದುಕೊಳ್ಳದೆ ಉಳಿದಿರುವುದು ಏನನ್ನು ಎಂಬುದೇ ಇಲ್ಲಿಯ ವಿಚಾರ.

ಕೃತಿ ಹುಟ್ಟಿದ ಬಗೆ

ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ 1685ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ, ಲೂಥರನ್ ಕುಟುಂಬದಲ್ಲಿ ಹುಟ್ಟಿದ. ಬರೋಕ್ ಯುಗದ ಮತ್ತೊಬ್ಬ ಮಹಾಸಂಗೀತಗಾರ ಬಾಖ್ ಹುಟ್ಟಿದ್ದೂ ಅದೇ ವರ್ಷ. ತಾರುಣ್ಯದಲ್ಲಿ ಹ್ಯಾಂಡೆಲ್ ರೋಮಿಗೆ ಹೋಗಿ ಕಥೋಲಿಕ ಕಾರ್ಡಿನಲರ ಆಶ್ರಯದಲ್ಲಿ ದುಡಿದ. 1707ರಲ್ಲಿ ಲತೀನ್ ಕೀರ್ತನೆಯೊಂದಕ್ಕೆ ಸಂಗೀತ ರಚಿಸಿದ. 1708ರ ಪಾಸ್ಖ ಹಬ್ಬಕ್ಕೆ ಕ್ರಿಸ್ತರ ಪುನರುತ್ಥಾನವನ್ನು ಕುರಿತ ಓರಟೋರಿಯೊ ಒಂದನ್ನು ಕೊಟ್ಟ. ಮುಂದೆ ಲಂಡನ್ನಿನಲ್ಲಿ ನೆಲೆಸಿ ಇಂಗ್ಲೆಂಡಿನ ಪ್ರಜೆಯಾದ.

‘ಓರಟೋರಿಯೊ’ ಎಂಬ ಹೆಸರನ್ನು ನಾವು ಗಮನಿಸಬೇಕು. ಅದರ ಮೂಲಾರ್ಥ ಪ್ರಾರ್ಥನಾಲಯ. ಹದಿನಾರನೇ ಶತಮಾನದ ರೋಮಿನಲ್ಲಿ ಸಂತ ಫಿಲಿಪ್ ನೇರಿಯವರು ಸಾಮಾನ್ಯ ಜನರನ್ನು ಪ್ರಾರ್ಥನಾಲಯದಲ್ಲಿ ಕೂಡಿಸಿ ವಾಚನ, ಪ್ರಬೋಧನೆ, ಹಾಡುಗಳಿಂದ ಭಕ್ತಿಯನ್ನು ಬೆಳೆಸಿದರು. ಆ ಕೂಟಗಳಿಂದ ಬೆಳೆದು ಬಂದ ಪ್ರಕಾರವಿದು. ಬಲಿಪೂಜೆಯ ಅಂಗವಾಗಿ ಹುಟ್ಟಿದ್ದಲ್ಲ. ಪೂಜೆಯ ಹೊರಗೆ ವಿಶ್ವಾಸವನ್ನು ಪೋಷಿಸಲು ಹುಟ್ಟಿದ್ದು. ನನ್ನ ತಪ್ಪು ಎಲ್ಲಿತ್ತೆಂಬುದಕ್ಕೆ ಮೊದಲ ಸೂಚನೆ ಇಲ್ಲೇ ಸಿಗುತ್ತದೆ.

‘ಮೆಸ್ಸೀಯ’ ಕೃತಿಯನ್ನು ಹ್ಯಾಂಡೆಲ್ 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗೆ, 24 ದಿನಗಳಲ್ಲಿ ರಚಿಸಿದ. ಮೊದಲ ಪ್ರದರ್ಶನ ನಡೆದದ್ದು 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದ ಸಂಗೀತ ಭವನವೊಂದರಲ್ಲಿ. ಅಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗದ ಪ್ರಕಾರ ಅದು ಪವಿತ್ರ ವಾರದ ಮಂಗಳವಾರ. ಕ್ರಿಸ್ತಜಯಂತಿಯ ಸಂಗೀತವೆಂದು ಇಂದು ಪ್ರಸಿದ್ಧವಾಗಿರುವ ಕೃತಿ ಮೊದಲು ಕೇಳಿಬಂದದ್ದು ತಪಸ್ಸುಕಾಲದಲ್ಲಿ! ಅಂದಿನ ಹಣ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಹಂಚಿಹೋಯಿತು. 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಯ ಸಹಾಯಾರ್ಥವಾಗಿ ವರ್ಷವರ್ಷವೂ ಅದನ್ನು ಹಾಡಿದರು. ಕೃತಿಯ ಒಂದು ಪ್ರತಿಯನ್ನು ಹ್ಯಾಂಡೆಲ್ ಉಯಿಲಿನ ಮೂಲಕ ಆ ಸಂಸ್ಥೆಗೇ ಬಿಟ್ಟುಹೋದ. ಕಣ್ಣು ಕಳೆದುಕೊಂಡಿದ್ದ ಅವನು ತೀರಿಕೊಂಡದ್ದು 1759ರ ಏಪ್ರಿಲ್ 14ರಂದು, ಪವಿತ್ರ ಶನಿವಾರ.

ಪವಿತ್ರ ಗ್ರಂಥವೇ ಪಠ್ಯ

ಕೃತಿಯ ಪದಗಳನ್ನು ಜೋಡಿಸಿದವನು ಚಾರ್ಲ್ಸ್ ಜೆನೆನ್ಸ್ ಎಂಬ ಇಂಗ್ಲಿಷ್ ಜಮೀನುದಾರ. ಅವನು ತನ್ನ ಸ್ವಂತದ ಒಂದು ವಾಕ್ಯವನ್ನೂ ಬರೆಯಲಿಲ್ಲ. ಎಲ್ಲವನ್ನೂ ಬೈಬಲಿನಿಂದ ಆರಿಸಿದ. ಲೂಕನ ಶುಭಸಂದೇಶದ ಕುರುಬರ ಪ್ರಸಂಗವೊಂದನ್ನು ಬಿಟ್ಟರೆ ಕಥನವೆಂಬುದು ಇಲ್ಲವೇ ಇಲ್ಲ. ಪ್ರವಾದಿಗಳು, ಕೀರ್ತನೆಗಳು, ಯೋಬನ ಗ್ರಂಥ, ಪೌಲರ ಪತ್ರಗಳು ಮತ್ತು ಪ್ರಕಟನಾ ಗ್ರಂಥ ಕೂಡಿ ಕ್ರಿಸ್ತರನ್ನು ಸಾರುತ್ತವೆ. ಮೊದಲ ಭಾಗ ವಾಗ್ದಾನ ಮತ್ತು ಜನನ. ಎರಡನೆಯದು ಯಾತನೆ, ಪುನರುತ್ಥಾನ, ಶುಭಸಂದೇಶದ ಪ್ರಸಾರ ಮತ್ತು ಲೋಕದ ವಿರೋಧ. ಮೂರನೆಯದು ಸತ್ತವರ ಪುನರುತ್ಥಾನ ಮತ್ತು ಮರಣದ ಮೇಲಿನ ಜಯ.

ಯಾತನೆಯ ಭಾಗವನ್ನೇ ನೋಡಿ. ಅಲ್ಲಿ ಪಿಲಾತನಿಲ್ಲ, ಯೂದನಿಲ್ಲ. ಯೆಶಾಯನ 53ನೇ ಅಧ್ಯಾಯದ ನೊಂದ ಸೇವಕನಿದ್ದಾನೆ, ಕೀರ್ತನೆಗಳ ನರಳಾಟವಿದೆ. ಕೇಳುಗ ಹಳೆಯ ಒಡಂಬಡಿಕೆಯನ್ನು ಕೇಳುತ್ತಲೇ ಶಿಲುಬೆಯನ್ನು ಕಾಣುತ್ತಾನೆ. ಧರ್ಮಪಿತೃಗಳು ಪವಿತ್ರ ಗ್ರಂಥವನ್ನು ಓದಿದ್ದು ಹೀಗೆಯೇ. ನಮ್ಮ ವಾಚನಕ್ರಮದಲ್ಲಿ ಭಾನುವಾರದ ಮೊದಲ ವಾಚನವನ್ನು ಸಾಮಾನ್ಯವಾಗಿ ಶುಭಸಂದೇಶಕ್ಕೆ ಜೋಡಿಸಿರುವುದೂ ಹೀಗೆಯೇ.

ಇನ್ನು ‘ಅಲ್ಲೆಲೂಯ’ ವೃಂದಗಾನ ಎರಡನೇ ಭಾಗದ ಕೊನೆಯಲ್ಲಿ ಬರುತ್ತದೆ. ಅದರ ಪದಗಳು ಪ್ರಕಟನಾ ಗ್ರಂಥದ 11 ಮತ್ತು 19ನೇ ಅಧ್ಯಾಯಗಳವು. ವಿಷಯ ದೇವರ ಆಳ್ವಿಕೆ. ಪುನರುತ್ಥಾನದ ವಿಶ್ವಾಸವನ್ನು ನೇರವಾಗಿ ಹಾಡುವ ಪ್ರಸಿದ್ಧ ಗೀತೆ ಅದರ ಮರುಕ್ಷಣವೇ, ಮೂರನೇ ಭಾಗದ ಆರಂಭದಲ್ಲಿ ಬರುತ್ತದೆ. ಯೋಬ 19 ಮತ್ತು 1 ಕೊರಿಂಥ 15ನೇ ಅಧ್ಯಾಯಗಳನ್ನು ಜೋಡಿಸಿದ ಆ ಹಾಡನ್ನು ಒಂದೇ ಒಂದು ಕಂಠ ಮೆಲ್ಲನೆ ಹಾಡುತ್ತದೆ. ಗಟ್ಟಿಯಾದದ್ದನ್ನು ನಾವು ಎತ್ತಿಕೊಂಡೆವು, ಮೆಲ್ಲನೆಯದನ್ನು ಬಿಟ್ಟೆವು.

ಕೈಯಿಂದ ಕೈಗೆ

ಕೃತಿಯನ್ನು ಮೊದಲು ಬದಲಿಸಿದವನು ಹ್ಯಾಂಡೆಲನೇ. ಸಿಕ್ಕ ಗಾಯಕರಿಗೆ ತಕ್ಕಂತೆ ಹಾಡುಗಳನ್ನು ಮತ್ತೆ ಮತ್ತೆ ತಿದ್ದಿದ. 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆಬಿಯ ಸ್ಮರಣೋತ್ಸವದಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸೇರಿ ಹಾಡಿ ನುಡಿಸಿದರು. 1789ರಲ್ಲಿ ಮೊಜಾರ್ಟ್ ಹೊಸ ವಾದ್ಯಗಳನ್ನು ಸೇರಿಸಿ ಜರ್ಮನ್ ಭಾಷೆಯಲ್ಲಿ ಅದನ್ನು ಸಿದ್ಧಪಡಿಸಿದ. 1791ರಲ್ಲಿ ಲಂಡನ್ನಿನಲ್ಲಿ ಹ್ಯಾಂಡೆಲನ ಸಂಗೀತವನ್ನು ಕೇಳಿ ಬೆರಗಾದ ಹೈಡನ್ ಮುಂದೆ ‘ಸೃಷ್ಟಿ’ ಎಂಬ ಓರಟೋರಿಯೊವನ್ನು ರಚಿಸಿದ. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ ಸ್ಫಟಿಕ ಸೌಧದಲ್ಲಿ ಸಾವಿರಾರು ಕಂಠಗಳು ಇದನ್ನು ಹಾಡಿದವು. 1992ರಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ತಮ್ಮ ಗಾಸ್ಪೆಲ್ ಶೈಲಿಯಲ್ಲಿ ಇದನ್ನು ಹೊಸದಾಗಿ ಧ್ವನಿಮುದ್ರಿಸಿದರು.

ವೃಂದಗಾನಕ್ಕೆ ಎದ್ದು ನಿಲ್ಲುವ ರೂಢಿಯ ಬಗೆಗೂ ಒಂದು ಮಾತು. ದೊರೆ ಎರಡನೇ ಜಾರ್ಜ್ 1743ರಲ್ಲಿ ಎದ್ದು ನಿಂತನೆಂಬುದು ಪ್ರಸಿದ್ಧ ಕಥೆ. ಆದರೆ ಅದು ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು 1780ರ ಒಂದು ಪತ್ರದಲ್ಲಿ. ಅದನ್ನು ಆರಾಧನಾವಿಧಿಯ ನಿಯಮವೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ಸಂಗೀತವನ್ನು ಬಡವರ ಬಾಯಿಗೆ ತಂದದ್ದು ಎರಡು ಸಾಧನಗಳು. ಒಂದು, ನೊವೆಲ್ಲೊ ಪ್ರಕಾಶನದ ಅಗ್ಗದ ಮುದ್ರಣ. ಇನ್ನೊಂದು, ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿ ಜಾನ್ ಕರ್ವೆನ್ ಎಂಬ ಬೋಧಕ ಬೆಳೆಸಿದ ‘ಟಾನಿಕ್ ಸೋಲ್‌ಫಾ’ ಪದ್ಧತಿ. ಐದು ಗೆರೆಗಳ ಸ್ವರಲಿಪಿ ಬಾರದವರೂ ಅಕ್ಷರಗಳನ್ನು ನೋಡಿ ನಾಲ್ಕು ಧ್ವನಿಗಳಲ್ಲಿ ಹಾಡಬಹುದಾಯಿತು. ಅದರಲ್ಲಿ ‘ದೊ’ ಎಂಬುದು ಒಂದೇ ಎತ್ತರಕ್ಕೆ ಕಟ್ಟುಬಿದ್ದ ಸ್ವರವಲ್ಲ. ಹಾಡುವವರ ಶ್ರುತಿಗೆ ತಕ್ಕಂತೆ ಸರಿಯುವ ಆಧಾರ ಸ್ವರ. ನಮ್ಮ ಷಡ್ಜವೂ ಹಾಗೆಯೇ. ಮಿಷನರಿಗಳು ಈ ಪದ್ಧತಿಯನ್ನು ಆಫ್ರಿಕ, ಮಡಗಾಸ್ಕರ್, ಏಷ್ಯಗಳಿಗೆ ಒಯ್ದರು. ಕರ್ವೆನ್ ಇದ್ದ ಕಾಂಗ್ರೆಗೇಷನಲ್ ಸಭೆಗಳೇ ಲಂಡನ್ ಮಿಷನ್ ಸಂಸ್ಥೆಯ ಮುಖ್ಯ ಆಸರೆ. ಬೆಂಗಳೂರಿನಲ್ಲೂ ಚಿಕ್ಕಬಳ್ಳಾಪುರದ ಸುತ್ತಲೂ ದುಡಿದು, ಚಿಕ್ಕಬಳ್ಳಾಪುರದಲ್ಲಿ ಇಂದು ಸಿಎಸ್‌ಐ ಆಸ್ಪತ್ರೆಯಾಗಿರುವ ಮಿಷನ್ ಆಸ್ಪತ್ರೆಯನ್ನು ಕಟ್ಟಿದ್ದು ಅದೇ ಸಂಸ್ಥೆ. ಸಾಲಗಾರರಿಗೂ ರೋಗಿಗಳಿಗೂ ನೆರವಾಗಿ ಆರಂಭವಾದ ಸಂಗೀತ ನಮ್ಮ ಸೀಮೆಗೆ ಬಂದ ದಾರಿಯಲ್ಲಿ ಆಸ್ಪತ್ರೆಯೂ ಇತ್ತೆಂಬುದನ್ನು ಮರೆಯಬಾರದು.

ಕಥೋಲಿಕ ದೇವಾಲಯಗಳಿಗೆ ಹ್ಯಾಂಡೆಲ್ ಬಂದದ್ದು ಹೆಚ್ಚಾಗಿ ಬೆಂಗಳೂರಿನ ದಂಡು ಪ್ರದೇಶದ ಗಾಯನವೃಂದಗಳಿಂದ, ಆಮೇಲೆ ಕ್ಯಾಸೆಟ್ಟುಗಳಿಂದ, ಈಗ ಮೊಬೈಲಿನಿಂದ. ಹೀಗೆ ಬರುವಾಗ ಎರಡೂವರೆ ಗಂಟೆಯ ಕೃತಿ ನಾಲ್ಕು ನಿಮಿಷಕ್ಕೆ ಇಳಿಯಿತು.

ಎರಡು ಕಠಿಣ ಪ್ರಶ್ನೆಗಳು

ಅಧ್ಯಾಪಕನಾಗಿ ಇವನ್ನು ಮುಚ್ಚಿಡಲಾರೆ. ‘ಅಲ್ಲೆಲೂಯ’ಕ್ಕೆ ಸ್ವಲ್ಪ ಮೊದಲು ಎರಡನೇ ಕೀರ್ತನೆಯ ಒಂಬತ್ತನೇ ವಚನ, ಶತ್ರುಗಳನ್ನು ಮಡಕೆಯಂತೆ ಒಡೆಯುವ ಮಾತು, ಬರುತ್ತದೆ. ಯೆಹೂದ್ಯರ ಸೋಲಿನ ಮೇಲಿನ ಹರ್ಷ ಇಲ್ಲಿ ಅಡಗಿದೆಯೆಂದು ಅಮೆರಿಕದ ವಿದ್ವಾಂಸ ಮೈಕೆಲ್ ಮ್ಯಾರಿಸೆನ್ ವಾದಿಸಿದ್ದಾರೆ. ಇತರ ವಿದ್ವಾಂಸರು ಅದನ್ನು ಬಲವಾಗಿ ಅಲ್ಲಗಳೆದಿದ್ದಾರೆ. ವಾದ ಹೇಗೇ ತೀರ್ಮಾನವಾಗಲಿ, ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ‘ನೋಸ್ತ್ರಾ ಎತಾತೆ’ ಘೋಷಣೆಯನ್ನು ಓದಿದ ನಾವು ಇದನ್ನು ಯಾರ ಮೇಲಿನ ವಿಜಯಗೀತೆಯಾಗಿಯೂ ಹಾಡುವಂತಿಲ್ಲ. ಇನ್ನೊಂದು: ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹ್ಯಾಂಡೆಲನ ಹಣವಿತ್ತೆಂದು ಸಂಶೋಧಕರು ಲೆಕ್ಕಪತ್ರಗಳಿಂದ ತೋರಿಸಿದ್ದಾರೆ. ಸೆರೆಯಾಳುಗಳ ಬಿಡುಗಡೆಗೆ ಹಾಡಿದವನ ಹಣ ಸಂಕೋಲೆಗಳ ವ್ಯಾಪಾರದಲ್ಲಿಯೂ ಇತ್ತು. ಹಾಡನ್ನು ನಾವು ಬಿಡಬೇಕಿಲ್ಲ. ಆದರೆ ಹಾಡಿನ ಸೊಬಗು ಹಾಡಿದವನ ಪುಣ್ಯಕ್ಕೆ ಸಾಕ್ಷಿಯಲ್ಲವೆಂದು ಕಲಿಯಬೇಕು. ಪೀಠದ ಮುಂದೆ ನಿಲ್ಲುವ ನಮಗೂ ಇದು ಅನ್ವಯಿಸುತ್ತದೆ.

ಪೂಜೆಯಲ್ಲಿ ಇದರ ಸ್ಥಾನ

ಮಹಾಸಭೆಯ ದೈವಾರಾಧನಾ ಸಂವಿಧಾನ (4 ಡಿಸೆಂಬರ್ 1963) ಸಂಗೀತವನ್ನು ಆರಾಧನೆಯ ಅವಿಭಾಜ್ಯ ಅಂಗವೆಂದು ಕರೆಯುತ್ತದೆ. 119ನೇ ಪರಿಚ್ಛೇದ ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಕೊಡಲು ಹೇಳುತ್ತದೆ. 121ನೆಯದು ಹಾಡಿನ ಪದಗಳನ್ನು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ಮೂಲಗಳಿಂದಲೂ ತೆಗೆದುಕೊಳ್ಳಬೇಕೆನ್ನುತ್ತದೆ. ಸಣ್ಣ ಗಾಯನವೃಂದಗಳಿಗೆ ಹೊಂದುವ, ಇಡೀ ಸಭೆ ಪಾಲ್ಗೊಳ್ಳಬಲ್ಲ ರಚನೆಗಳನ್ನು ಕೇಳುತ್ತದೆ. 1987ರ ನವೆಂಬರ್ 5ರಂದು ರೋಮಿನ ಆರಾಧನಾ ಆಯೋಗ ದೇವಾಲಯಗಳಲ್ಲಿನ ಸಂಗೀತ ಕಛೇರಿಗಳ ಬಗ್ಗೆ ಹೊರಡಿಸಿದ ಪತ್ರ, ಪೂಜೆಯೊಳಗೆ ಹೊಂದದ ಪವಿತ್ರ ಸಂಗೀತಕ್ಕೆ ಪೂಜೆಯ ಹೊರಗೆ ಗೌರವದ ಜಾಗವಿದೆಯೆಂದು ತೋರಿಸಿಕೊಟ್ಟಿತು.

ಈ ಅಳತೆಯಿಂದ ನೋಡಿದರೆ ವೃದ್ಧೆಯ ಪ್ರಶ್ನೆ ಸರಿಯಾದ ದೈವಶಾಸ್ತ್ರವೇ ಆಗಿತ್ತು. ಜಾಗರಣೆಯ ಅಲ್ಲೆಲೂಯ ಸಭೆಯದು. ಅದನ್ನು ಹನ್ನೆರಡು ಮಂದಿಗೆ ವಹಿಸಿಕೊಡಲು ನನಗೆ ಅಧಿಕಾರವಿರಲಿಲ್ಲ. ಯುವಕರ ಶ್ರಮಕ್ಕೂ ಜಾಗವಿದೆ: ಅಂತಿಮ ಆಶೀರ್ವಾದದ ಅನಂತರ, ಕ್ರಿಸ್ತಜಯಂತಿಯ ಗೀತಸಂಜೆಯಲ್ಲಿ, ತಪಸ್ಸುಕಾಲದ ಧ್ಯಾನಕೂಟದಲ್ಲಿ. ಆಗ ಮೊದಲು ಪ್ರಕಟನಾ ಗ್ರಂಥದ ಆ ವಚನಗಳನ್ನು ಕನ್ನಡದಲ್ಲಿ ಓದಿಸಿ ಆಮೇಲೆ ಹಾಡಿಸಬೇಕು.

ಅದೇ ರಾಗಕ್ಕೆ ಕನ್ನಡ ಪದಗಳನ್ನು ಕೂಡಿಸಬಾರದೇಕೆ ಎಂದು ಗುರುವಿದ್ಯಾರ್ಥಿಗಳು ಕೇಳುತ್ತಾರೆ. ‘ಅಲ್ಲೆಲೂಯ’ ಹೀಬ್ರೂ ಪದ, ಹಾಗೆಯೇ ನಿಲ್ಲುತ್ತದೆ. ತೊಡಕು ಉಳಿದ ಮಾತುಗಳದು. ಇಂಗ್ಲಿಷಿನಲ್ಲಿ ಆಳ್ವಿಕೆಯನ್ನು ಹೇಳುವ ಕ್ರಿಯಾಪದ ‘ಎಂದೆಂದಿಗೂ’ ಎಂಬ ಮಾತಿಗಿಂತ ಮೊದಲೇ ಬಂದು ಒತ್ತನ್ನು ಪಡೆಯುತ್ತದೆ. ಸಂಗೀತದ ಏರಿಕೆ ಅದಕ್ಕೆ ಹೊಂದಿಕೊಂಡಿದೆ. ಕನ್ನಡದಲ್ಲಿ ‘ಆಳುವನು’ ಎಂಬುದು ವಾಕ್ಯದ ಕೊನೆಗೆ ಸರಿಯುತ್ತದೆ, ಹ್ರಸ್ವಾಕ್ಷರಗಳು ಅನಗತ್ಯವಾಗಿ ಎಳೆದುಕೊಳ್ಳುತ್ತವೆ. ಪದ ಅರ್ಥವಾಗದೆ ಹೋದರೆ ಜೆನೆನ್ಸನ ಶ್ರಮವೇ ವ್ಯರ್ಥ.

ಆದ್ದರಿಂದ ನಾವು ಪಡೆಯಬೇಕಾದದ್ದು ಹ್ಯಾಂಡೆಲ್ ಮತ್ತು ಜೆನೆನ್ಸರ ವಿಧಾನವನ್ನು: ವಚನವನ್ನು ಆರಿಸುವ ಎಚ್ಚರ ಮತ್ತು ಪದದ ಅರ್ಥಕ್ಕೆ ಮಣಿಯುವ ಸ್ವರ. ಅದಕ್ಕೆ ಬೇಕಾದ ರೂಪ ನಮ್ಮ ನೆರೆಯಲ್ಲೇ ಇದೆ. ಅಂಬಾಜಿದುರ್ಗಕ್ಕೆ ಹತ್ತಿರದ ಕೈವಾರದಲ್ಲಿ ಯೋಗಿ ನಾರೇಯಣ ಯತೀಂದ್ರರು, ಜನ ಅಕ್ಕರೆಯಿಂದ ಕರೆಯುವ ಕೈವಾರ ತಾತಯ್ಯನವರು, ತೆಲುಗು ಕನ್ನಡ ಎರಡರಲ್ಲೂ ಹಾಡುಗಳನ್ನು ರಚಿಸಿದರು. ಭಜನೆಯಲ್ಲಿ ಒಬ್ಬರು ಚರಣವನ್ನು ಹಾಡುತ್ತಾರೆ, ಎಲ್ಲರೂ ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಬಲಿಪೂಜೆಯ ಪ್ರತ್ಯುತ್ತರ ಕೀರ್ತನೆಯ ರಚನೆಯೂ ಇದೇ ಅಲ್ಲವೇ? ಯೆಶಾಯನ 40ನೇ ಅಧ್ಯಾಯದ ಸಾಂತ್ವನದ ಮಾತನ್ನು ಪಲ್ಲವಿಯಾಗಿಟ್ಟು, ಮುಂದಿನ ವಚನಗಳನ್ನು ಚರಣಗಳಾಗಿ, ಪರಿಚಿತವಾದ ರಾಗವೊಂದರಲ್ಲಿ ಆಗಮನ ಕಾಲಕ್ಕೆ ಕೂಡಿಸುವ ಕೆಲಸವನ್ನು ಪ್ರತಿ ಗುರುವಿದ್ಯಾರ್ಥಿಯೂ ಒಮ್ಮೆ ಮಾಡಿನೋಡಲಿ. ‘ಮೆಸ್ಸೀಯ’ ಆರಂಭವಾಗುವುದೂ ಅದೇ ಅಧ್ಯಾಯದಿಂದ.

ಆ ಧರ್ಮಕೇಂದ್ರದಲ್ಲಿ ನಾನು ಇನ್ನೊಂದು ಪಾಸ್ಖವನ್ನು ಕಂಡೆ. ಆ ವರ್ಷ ಅಲ್ಲೆಲೂಯವನ್ನು ನಾನೇ ಎತ್ತಿದೆ, ಮೂರು ಬಾರಿ. ಮೂರನೆಯದಕ್ಕೆ ನನ್ನ ಸ್ವರ ಒಡೆಯಿತು, ಆದರೂ ಜನ ಬಿಡದೆ ಹಾಡಿದರು. ಪೂಜೆಯ ಬಳಿಕ ಯುವಕರು ಹ್ಯಾಂಡೆಲನನ್ನು ಹಾಡುವಾಗ ಆ ವೃದ್ಧೆ ಮನೆಗೆ ಹೋಗದೆ, ಮೇಣದಬತ್ತಿಯನ್ನು ಹಿಡಿದುಕೊಂಡೇ ಕೊನೆಯವರೆಗೂ ಕುಳಿತು ಕೇಳಿದರು.