ಅಂಗೈಯಲ್ಲಿ ಎದ್ದ ಗೋಡೆಗಳು

ಬೆಂಗಳೂರಿಗೆ ಗೋಡೆಗಳು ಹೊಸತಲ್ಲ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ನೆಲೆಯೂರಿದಂದಿನಿಂದ ಈ ಊರು ಎರಡಾಯಿತು. ಒಂದೆಡೆ ಹಳೆಯ ಪೇಟೆ, ಇನ್ನೊಂದೆಡೆ ದಂಡು ಪ್ರದೇಶ. ದಂಡಿನೊಳಗೂ ಬಂಗಲೆಗಳ ಬೀದಿ ಬೇರೆ, ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದ ಇಕ್ಕಟ್ಟಿನ ಗಲ್ಲಿ ಬೇರೆ. 1949ರಲ್ಲಿ ಪೇಟೆ, ದಂಡುಗಳೆರಡೂ ಒಂದೇ ನಗರಪಾಲಿಕೆಗೆ ಸೇರಿದವು. ಆದರೆ ಮನಸ್ಸುಗಳು ಸೇರಿದವೇ?

ಹಲಸೂರು, ಇಂದಿರಾನಗರಗಳನ್ನು ಹಾಯ್ದು ಕೃಷ್ಣರಾಜಪುರದತ್ತ ಸಾಗುವ ಮೆಟ್ರೋ ರೈಲಿನಲ್ಲಿ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಅಕ್ಕಪಕ್ಕ ಕುಳಿತ ಇಬ್ಬರು ತರುಣರ ಕೈಯಲ್ಲೂ ಫೋನು. ಒಬ್ಬನದು ಇಂಗ್ಲಿಷಿನ ಇನ್‌ಸ್ಟಾಗ್ರಾಮ್ ಲೋಕ. ಇನ್ನೊಬ್ಬನದು ಕನ್ನಡ, ತಮಿಳು, ಉರ್ದು ಮಾತಿನ ಕಿರುಚಿತ್ರಗಳ ಲೋಕ. ಆಸನ ಒಂದೇ, ಜಗತ್ತು ಎರಡು.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಹದಿಹರೆಯದವರು ಮೈಸ್ಪೇಸ್ ತೊರೆದು ಫೇಸ್‌ಬುಕ್ಕಿಗೆ ಹೊರಟಾಗ, ಅನುಕೂಲಸ್ಥ ಮನೆಗಳ ಮಕ್ಕಳೇ ಹೆಚ್ಚಾಗಿ ಹೋದರು, ಬಡವರೂ ವರ್ಣಭೇದಕ್ಕೆ ಒಳಗಾದವರೂ ಹೆಚ್ಚಾಗಿ ಹಿಂದುಳಿದರು ಎಂದು ಡಾನಾ ಬಾಯ್ಡ್ ಎಂಬ ವಿದುಷಿ 2007ರಲ್ಲಿಯೇ ಬರೆದರು. ನಮ್ಮಲ್ಲಿ ಟಿಕ್‌ಟಾಕ್ ಸಣ್ಣ ಊರುಗಳ, ದುಡಿಯುವ ಮನೆಗಳ ಮಕ್ಕಳಿಗೂ ವೇದಿಕೆಯಾಯಿತು; ಅವರ ಉಡುಗೆ, ಉಚ್ಚಾರಣೆಗಳನ್ನು ಕಲಿತವರು ಗೇಲಿ ಮಾಡಿದರು. 2020ರ ಜೂನ್ 29ರಂದು ಸರ್ಕಾರ ಅದನ್ನು ನಿಷೇಧಿಸಿತು. ಮರು ತಿಂಗಳೇ ಇನ್‌ಸ್ಟಾಗ್ರಾಮ್ ಕಿರುಚಿತ್ರಗಳಿಗೆ ಎಡೆ ಮಾಡಿಕೊಟ್ಟಿತು. ಜನ ಅಲ್ಲಿಗೆ ಬಂದರು. ಅವರ ಬೆನ್ನಿಗೇ ಗೇಲಿಯೂ ಬಂದಿತು.

ಯಂತ್ರಕ್ಕೆ ಜಾತಿಯಿಲ್ಲ ಎನ್ನುವುದು ಅರ್ಧ ಸತ್ಯ. ನಾವು ಯಾರ ಪರಿಚಿತರು, ಯಾವ ಭಾಷೆಯವರು, ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇವೆ ಎಂಬುದನ್ನು ಅದು ಎಣಿಸಿ, ಅಂಥದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ನಮ್ಮ ಗೋಡೆಗಳನ್ನು ನಮಗೇ ತೋರಿಸಿ, ಇನ್ನಷ್ಟು ಎತ್ತರಿಸುತ್ತದೆ. ನೆರೆಯವನು ಅಪರಿಚಿತನಾದಾಗ ವದಂತಿಗೆ ಬಲ ಬರುತ್ತದೆ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳಲ್ಲಿ ಹರಡಿದ ಸುಳ್ಳಿಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಗುವಾಹಟಿಯ ರೈಲು ಹಿಡಿದು ಬೆಂಗಳೂರು ಬಿಟ್ಟರು. ಅಂದು ಅವರಿಗೆ ಧೈರ್ಯ ಹೇಳಬಲ್ಲ ನೆರೆಮನೆಗಳು ಎಷ್ಟಿದ್ದವು?

ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಮಕ್ಕಳ ಫೋನನ್ನು ದೂರುವ ಹಿರಿಯರಾದ ನಾವೇ ಒಳಪಂಗಡಕ್ಕೊಂದರಂತೆ ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡಿದ್ದೇವೆ. ವಧೂವರರ ವಿವರದಲ್ಲಿ ಪಂಗಡವನ್ನೇ ಮೊದಲು ನೋಡುತ್ತೇವೆ. ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯನವರು ಸಮನಾಗಿ ಕುಳಿತ ಅನುಭವ ಮಂಟಪದ ಹೆಸರು ಹೇಳುವ ನಮಗೆ ಇದು ಒಪ್ಪುವ ಮಾತೇ? ಮಕ್ಕಳು ಭೇದವನ್ನು ಯಂತ್ರದಿಂದಷ್ಟೇ ಕಲಿಯುವುದಿಲ್ಲ. ನಮ್ಮನ್ನು ನೋಡಿಯೂ ಕಲಿಯುತ್ತಾರೆ.

ಫೋನು ಕಸಿದುಕೊಳ್ಳುವುದರಿಂದ ಗೋಡೆ ಬೀಳದು. ರಾತ್ರಿ ಊಟದ ಹೊತ್ತಿನಲ್ಲಿ, "ಇಂದು ಯಾರನ್ನು ನೋಡಿ ನಕ್ಕೆ, ಏಕೆ ನಕ್ಕೆ?" ಎಂದು ಮಗುವನ್ನು ಪ್ರೀತಿಯಿಂದ ಕೇಳೋಣ. ಬೇರೆ ಬೀದಿಯ, ಬೇರೆ ಭಾಷೆಯ ಅವರ ಗೆಳೆಯರನ್ನು ಮನೆಗೆ ಕರೆದು ಜೊತೆಯಲ್ಲಿ ಉಣಬಡಿಸೋಣ. ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಉಂಡವರನ್ನು ಪರದೆಯ ಮೇಲೆ ಕಂಡು ಹೀಯಾಳಿಸಲು ಮನಸ್ಸು ಬಾರದು.