ಮಧುಚಂದ್ರಕ್ಕೆ ಥಾಯ್ಲೆಂಡ್: ಟಿಕೆಟಿಗಿಂತ ಮೊದಲು ಒಂದು ಮಾತು

ಮದುವೆಯ ಮಾತುಕತೆಗೆ ಇತ್ತೀಚೆಗೆ ಹೊಸದೊಂದು ಪದ ಸೇರಿಕೊಂಡಿದೆ. ಹಾಲ್ ಯಾವುದು, ಊಟಕ್ಕೆ ಎಷ್ಟು ಜನ ಎಂದು ಹಿರಿಯರು ಲೆಕ್ಕ ಹಾಕುತ್ತಿರುವಾಗಲೇ ಪಕ್ಕದಿಂದ ಯಾರೋ 'ಹನಿಮೂನ್ ಪ್ಯಾಕೇಜ್' ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಹಿಂದೆಲ್ಲ ಹೊಸ ದಂಪತಿಗಳ ಪ್ರಯಾಣವೆಂದರೆ ನೆಂಟರ ಮನೆಯ ದಾವತ್‌ಗಳೇ ಆಗಿದ್ದವು. ಹೆಚ್ಚೆಂದರೆ ಮೈಸೂರು, ಊಟಿ. ಈಗ ಥಾಯ್ಲೆಂಡಿನ ಹೆಸರು ಸಲೀಸಾಗಿ ಬಾಯಿಗೆ ಬರುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಹಾಸನದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಸೇರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು!

ಹೊಸ ಗಂಡ ಹೆಂಡತಿ ಜೊತೆಯಾಗಿ ಊರು ನೋಡುವುದರಲ್ಲಿ ತಪ್ಪೇನೂ ಇಲ್ಲ. ಅಲ್ಲಾಹನು ದಂಪತಿಗಳ ನಡುವೆ ಪ್ರೀತಿಯನ್ನೂ ಕರುಣೆಯನ್ನೂ ಇರಿಸಿದ್ದಾನೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದೂ ಅದು ಮತ್ತೆ ಮತ್ತೆ ಹೇಳುತ್ತದೆ. ಪ್ರವಾದಿ(ಸ)ಯವರು ಪ್ರಯಾಣವೊಂದರಲ್ಲಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು, ಒಮ್ಮೆ ಅವರು ಗೆದ್ದದ್ದು, ಮುಂದೊಂದು ಸಲ ಪ್ರವಾದಿ(ಸ)ಯವರು ಗೆದ್ದು ಅಂದಿನದಕ್ಕೆ ಇದು ಸಮವೆಂದು ನಗೆಯಾಡಿದ್ದು ಹದೀಸ್ ಗ್ರಂಥಗಳಲ್ಲಿದೆ. ಪತ್ನಿಯೊಂದಿಗಿನ ವಿನೋದಕ್ಕೆ ಇದಕ್ಕಿಂತ ಸುಂದರ ಮಾದರಿ ಬೇರೆ ಬೇಕೆ? ಆದ್ದರಿಂದ ಹೋಗಬೇಕೇ ಬೇಡವೇ ಎಂಬುದು ದೊಡ್ಡ ಪ್ರಶ್ನೆಯಲ್ಲ. ಯಾರ ಹಣದಲ್ಲಿ ಮತ್ತು ಯಾರ ಇಷ್ಟದಂತೆ ಎಂಬುದೇ ನಿಜವಾದ ಪ್ರಶ್ನೆ.

ಯಾರ ಹಣ?

'ನಮಗೆ ವರದಕ್ಷಿಣೆ ಬೇಡ, ಮಕ್ಕಳನ್ನು ಒಂದು ಟ್ರಿಪ್ ಕಳಿಸಿಬಿಡಿ ಸಾಕು' ಎಂಬ ಮಾತು ಕೇಳಲು ಎಷ್ಟು ಸೌಮ್ಯ! ಆದರೆ ಹೆಣ್ಣಿನ ತಂದೆಯ ಮಟ್ಟಿಗೆ ಅದು ಬೈಕಿನ ಬದಲು ಬಂದ ಟಿಕೆಟ್ ಅಷ್ಟೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಸಂಬಂಧಿಸಿ ಮದುವೆಯ ಮೊದಲು, ಆ ವೇಳೆಯಲ್ಲಿ ಅಥವಾ ಅನಂತರ ಕೊಟ್ಟ, ಕೊಡಲೊಪ್ಪಿದ ಬೆಲೆಬಾಳುವ ಯಾವುದೂ ವರದಕ್ಷಿಣೆಯೇ. ಅದೇ ಕಾಯ್ದೆ ಮುಸ್ಲಿಮರ ಮಹ್ರನ್ನು ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಏಕೆಂದರೆ ಮಹ್ರ್ ಎಂಬುದು ಹುಡುಗ ಹುಡುಗಿಗೆ ಕೊಡಬೇಕಾದ ಹಕ್ಕು. ಕೊಡಬೇಕಾದವನೇ ಕೈಚಾಚುವುದು ನಿಕಾಹ್‌ನ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಇನ್ನು ಬಡ್ಡಿ ಸಾಲ. ಕಂತಿನಲ್ಲಿ ಪ್ರವಾಸ ಮಾಡಿಸುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಐದು ದಿನದ ಸಂತೋಷಕ್ಕೆ ಎರಡು ವರ್ಷ ಬಡ್ಡಿ ಕಟ್ಟುವ ಮನೆಯಲ್ಲಿ ಬರಕತ್ ಎಲ್ಲಿಂದ ಬರಬೇಕು? ಪತ್ನಿಯ ಮಹ್ರನ್ನು 'ಆಮೇಲೆ ಕೊಡುತ್ತೇನೆ' ಎಂದು ಖರ್ಚಿಗೆ ಎತ್ತಿಕೊಳ್ಳುವುದೂ ಸಲ್ಲ. ಆಕೆ ಮನಃಪೂರ್ವಕವಾಗಿ ಕೊಟ್ಟರೆ ಅದು ಬೇರೆ. ಆದರೆ ಮದುವೆಯಾದ ಮೊದಲ ವಾರದಲ್ಲಿ ಯಾವ ಮದುಮಗಳು ತಾನೆ ಇಲ್ಲ ಎಂದಾಳು?

ಯಾರ ಇಷ್ಟ?

ಪ್ಯಾಕೇಜನ್ನು ಹುಡುಗ ತನ್ನ ಗೆಳೆಯರೊಂದಿಗೆ ಕುಳಿತು ನಿಶ್ಚಯಿಸುತ್ತಾನೆ. ಹುಡುಗಿಗೆ ಅದು 'ಸರ್ಪ್ರೈಸ್'. ದೋಣಿ ಹತ್ತಿದರೆ ಅವಳಿಗೆ ತಲೆ ಸುತ್ತುತ್ತದೆಯೇ, ಈಜು ಬರುತ್ತದೆಯೇ, ಆ ದಿನಗಳಲ್ಲಿ ಅವಳ ಆರೋಗ್ಯ ಹೇಗಿರುತ್ತದೆ ಎಂದು ಕೇಳುವವರಿಲ್ಲ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕು, ಆ ನಿಕಾಹ್‌ನ ಮೊದಲ ಪ್ರಯಾಣಕ್ಕೆ ಬೇಡವೇ? ಇಬ್ಬರೂ ಜೊತೆಗೆ ಕುಳಿತು ಒಂದು ಹಾಳೆಯಲ್ಲಿ ಖರ್ಚಿನ ಮಿತಿ, ನೋಡಬೇಕಾದದ್ದು, ಬೇಡವಾದದ್ದು ಬರೆದುಕೊಳ್ಳಲಿ. ಅವರ ಸಂಸಾರದ ಮೊದಲ ಆಯವ್ಯಯ ಪತ್ರ ಅದೇ ಆಗಲಿ.

ಕಾಗದಪತ್ರ

ಆಕೆಯ ಪಾಸ್‌ಪೋರ್ಟ್ ಮೊದಲು ಆಗಲಿ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿರುವುದರಿಂದ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮದಂತೆ ವಿವಾಹ ಪ್ರಮಾಣಪತ್ರ ಕಡ್ಡಾಯವಲ್ಲ, ಮದುವೆಯಾದ ಕಾರಣಕ್ಕೆ ಹೆಸರು ಬದಲಿಸಬೇಕಾಗಿಯೂ ಇಲ್ಲ. ನಮ್ಮ ಮನೆಗಳ ತೊಡಕು ಬೇರೆಯೇ ಇದೆ. ಶಾಲೆಯ ದಾಖಲೆಯಲ್ಲಿ 'ಬಾನು', ಆಧಾರ್‌ನಲ್ಲಿ 'ಬೇಗಂ', ನಿಕಾಹ್‌ನಾಮೆಯಲ್ಲಿ 'ಖಾನಂ'! ಅರ್ಜಿಗೆ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಟಿಕೆಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರವೂ ಹೊಂದಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಿತು. ಉಳಿಯಬಹುದಾದ ದಿನಗಳ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟಿಗೆ ಹಣ ಕಟ್ಟುವ ಮೊದಲು ರಾಯಭಾರ ಕಚೇರಿಯ ಪ್ರಕಟಣೆ ನೋಡಿರಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕೆಂದಾಗಿದೆ. ಅದು ಉಚಿತ, ಅದಕ್ಕೆ ಹಣ ಕೇಳುವವರನ್ನು ನಂಬಬೇಡಿ. ಪ್ರವಾಸ ವಿಮೆ ಮಾಡಿಸಿ. ಮದುವೆಯ ಒಡವೆಗಳನ್ನು ಮನೆಯಲ್ಲೇ ಭದ್ರವಾಗಿಡಿ. ಸಮುದ್ರಕ್ಕೆ ಚಿನ್ನ ತೋರಿಸಬೇಕಾಗಿಲ್ಲ!

ಯಾವಾಗ, ಎಲ್ಲಿಗೆ?

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಮದುವೆಗಳು ಹೆಚ್ಚು. ಆದರೆ ಫುಕೆಟ್, ಕ್ರಾಬಿ ಇರುವ ಅಂಡಮಾನ್ ಕಡಲ ಬದಿಯಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಕಡಲು ಒರಟಾಗಿರುತ್ತದೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ವಲೀಮಾ ಮುಗಿದ ಮೂರನೇ ದಿನವೇ ಹೊರಡಬೇಕೆಂಬ ನಿಯಮವೇನಿದೆ? ಆರು ತಿಂಗಳು ಕಾದರೆ ಪಾಸ್‌ಪೋರ್ಟೂ ಆಗುತ್ತದೆ, ದುಡಿದ ಹಣವೂ ಸೇರುತ್ತದೆ, ಒಬ್ಬರನ್ನೊಬ್ಬರು ಅರಿತಿರುತ್ತೀರಿ.

ಥಾಯ್ಲೆಂಡ್ ಬೌದ್ಧರ ನಾಡು. ಆದರೆ ಮುಸ್ಲಿಮರು ಅಲ್ಲಿ ನಿನ್ನೆ ಮೊನ್ನೆ ಬಂದವರಲ್ಲ. ಪರ್ಶಿಯಾದಿಂದ ಬಂದ ಶೇಖ್ ಅಹ್ಮದ್ ಎಂಬ ವ್ಯಾಪಾರಿ 17ನೇ ಶತಮಾನದ ಆರಂಭದಲ್ಲಿ ಅಯುತ್ಥಯಾದ ರಾಜನ ಆಸ್ಥಾನದಲ್ಲಿ ಉನ್ನತ ಹುದ್ದೆಗೇರಿದರು. ಮುಸ್ಲಿಮರ ಧಾರ್ಮಿಕ ಮುಖ್ಯಸ್ಥರ ಸ್ಥಾನಕ್ಕೆ ಮೊದಲು ನೇಮಕವಾದವರೂ ಅವರೇ. 'ಚುಲಾರಾಚಮೊಂತ್ರಿ' ಎಂಬ ಆ ಹುದ್ದೆ ಇಂದಿಗೂ ಇದೆ.

ಫುಕೆಟ್ ಬಳಿಯ ಕೋ ಯಾವೊ ನೋಯ್ ಮತ್ತು ಕ್ರಾಬಿಯ ಕೋ ಲಾಂತಾ ದ್ವೀಪಗಳಲ್ಲಿ ಮುಸ್ಲಿಮರೇ ಹೆಚ್ಚು. ತೆಂಗು, ರಬ್ಬರ್, ಗದ್ದೆ, ಮೀನುಗಾರಿಕೆ ಅಲ್ಲಿನ ಬದುಕು. ಚನ್ನರಾಯಪಟ್ಟಣದ ತೆಂಗಿನ ತೋಟದ ನಡುವೆ ಬೆಳೆದ ಹುಡುಗಿಗೆ ಆ ನೆರಳು ಪರಕೀಯವೆನಿಸದು. ಪಟ್ಟಾಯದ ರಾತ್ರಿ ಬೀದಿಗಳನ್ನು ಪಟ್ಟಿಯಿಂದ ಹೊಡೆದುಹಾಕಿ ಇಂಥ ಸ್ಥಳಗಳನ್ನು ಆರಿಸಿರಿ. ಮಲೇಷ್ಯಾ ಗಡಿಯ ಕಡೆಗಿರುವ ಪಟ್ಟಾನಿ, ಯಾಲಾ, ನರಾಥಿವಾಟ್ ಪ್ರಾಂತಗಳಲ್ಲಿ ಮುಸ್ಲಿಮರು ಬಹುಸಂಖ್ಯಾತರಾದರೂ 2004ರಿಂದ ಹಿಂಸಾಚಾರ ಕಾಡಿದೆ. ಹೊಸ ದಂಪತಿಗಳು ಅತ್ತ ಹೋಗದಿರುವುದೇ ಲೇಸು.

ಸಾಹಸ ಇರಲಿ, ದುಸ್ಸಾಹಸ ಬೇಡ

ಫಾಂಗ್‌ಗಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ. ಕೆಲವು ಬೆಟ್ಟಗಳ ಒಡಲಲ್ಲೇ ಆಕಾಶಕ್ಕೆ ತೆರೆದ ಕೊಳಗಳಿವೆ. ಅವನ್ನು 'ಹಾಂಗ್', ಅಂದರೆ ಕೋಣೆ ಎನ್ನುತ್ತಾರೆ. ಕಡಲ ಇಳಿತದ ಹೊತ್ತು ನೋಡಿ ಪುಟ್ಟ ದೋಣಿಯಲ್ಲಿ ಗುಹೆಯೊಳಗಿಂದ ನುಸುಳಿ ಅಲ್ಲಿಗೆ ಸೇರಬೇಕು. ಅದೇ ಕೊಲ್ಲಿಯಲ್ಲಿ ಕೋ ಪನ್ಯೀ ಎಂಬ ಮುಸ್ಲಿಮ್ ಬೆಸ್ತರ ಊರಿದೆ. ಮನೆಗಳು, ಶಾಲೆ, ಅಂಗಡಿ ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದವು. ಆಡಲು ನೆಲವಿಲ್ಲದ ಅಲ್ಲಿನ ಹುಡುಗರು 1986ರ ವಿಶ್ವಕಪ್ ನೋಡಿ ಹಳೆಯ ಹಲಗೆಗಳಿಂದ ತೇಲುವ ಫುಟ್ಬಾಲ್ ಅಂಗಳವನ್ನೇ ಮಾಡಿಕೊಂಡರು.

ಖಾವೊ ಸೋಕ್ ಕಾಡಿನ ಚಿಯೊ ಲಾನ್ ಸರೋವರ 1980ರ ದಶಕದಲ್ಲಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು. ಗೊರೂರಿನ ಹೇಮಾವತಿ ಹಿನ್ನೀರಿನಂತೆ ಅದೂ ಊರುಗಳನ್ನು ಮುಳುಗಿಸಿಯೇ ನಿಂತ ಸೊಬಗು. ಬಿಡಬೇಕಾಗಿ ಬಂದ ಮನೆಗಳನ್ನು ಬಲ್ಲ ನಮ್ಮ ಜಿಲ್ಲೆಯವರು ಆ ನೀರನ್ನು ಬೇರೆಯೇ ಕಣ್ಣಿನಿಂದ ನೋಡಬಲ್ಲರು.

ಆದರೆ ಸಮುದ್ರ ಮೊದಲ ಪರಿಚಯಕ್ಕೇ ಸಲುಗೆ ಕೊಡುವುದಿಲ್ಲ. 2018ರ ಜುಲೈಯಲ್ಲಿ ಬಿರುಗಾಳಿಗೆ ಸಿಕ್ಕಿ ಫುಕೆಟ್ ಬಳಿ ಪ್ರವಾಸಿ ದೋಣಿ ಮುಳುಗಿ 47 ಮಂದಿ ಪ್ರಾಣ ಕಳೆದುಕೊಂಡರು. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಕೆಂಪು ಬಾವುಟ ಕಂಡಲ್ಲಿ ನೀರಿಗಿಳಿಯಬೇಡಿ. ಅಂತಾರಾಷ್ಟ್ರೀಯ ಪರವಾನಗಿ ಇಲ್ಲದೆ ಬಾಡಿಗೆ ಸ್ಕೂಟರ್ ಓಡಿಸಬೇಡಿ, ಅಪಘಾತವಾದರೆ ವಿಮೆಯ ಹಣವೂ ಸಿಗಲಾರದು. ಪಾಸ್‌ಪೋರ್ಟನ್ನು ಯಾರ ಬಳಿಯೂ ಒತ್ತೆಯಿಡಬೇಡಿ. ಪ್ರವಾಸಿ ಪೊಲೀಸರ ಸಂಖ್ಯೆ 1155.

ಆನೆ ಸವಾರಿಯ ಆಮಿಷವೂ ಬರುತ್ತದೆ. ಆನೆಯ ಬಗ್ಗೆ ಸಕಲೇಶಪುರ, ಆಲೂರು, ಅರಕಲಗೂಡು ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರಿನಲ್ಲೇ ಪ್ರಾಣ ಬಿಟ್ಟಾಗ ಇಡೀ ಜಿಲ್ಲೆ ಮರುಗಿತು. ಸವಾರಿಗಾಗಿ ಆನೆಯನ್ನು ಪಳಗಿಸುವ ರೀತಿ ಕ್ರೂರವಾದುದು. ಮೂಕಪ್ರಾಣಿಯ ವಿಷಯದಲ್ಲಿಯೂ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವು.

ಊಟ, ನಮಾಝ್, ನಡವಳಿಕೆ

ಥಾಯ್ ಅಡುಗೆಯಲ್ಲಿ ಹಂದಿಮಾಂಸ ಸಾಮಾನ್ಯ. ಮೀನಿನ ಅಡುಗೆಯೆಂದು ಕೊಟ್ಟದ್ದನ್ನೂ ಹಂದಿಯ ಕೊಬ್ಬಿನಲ್ಲಿ ಬೇಯಿಸಿರಬಹುದು. ಅಲ್ಲಿನ ಕೇಂದ್ರ ಇಸ್ಲಾಮಿಕ್ ಸಮಿತಿಯ ಹಲಾಲ್ ಗುರುತು ನೋಡಿರಿ, ಇಲ್ಲವೇ ಮಸೀದಿಯ ಸುತ್ತಲ ಹೋಟೆಲ್ ಹುಡುಕಿರಿ. 'ಮೂ' ಎಂದರೆ ಹಂದಿ, 'ಕೈ' ಎಂದರೆ ಕೋಳಿ, 'ಪ್ಲಾ' ಎಂದರೆ ಮೀನು ಎಂಬಷ್ಟು ಗೊತ್ತಿದ್ದರೂ ಅರ್ಧ ಕಷ್ಟ ಕಳೆಯಿತು. 'ಖಾವ್ ಮೋಕ್ ಕೈ' ಎಂಬುದು ಅಲ್ಲಿನ ಮುಸ್ಲಿಮರ ಕೋಳಿ ಬಿರಿಯಾನಿ. ತೆಂಗಿನ ಹಾಲಿನ 'ಮಸ್ಸಮನ್' ಸಾರಿನ ಹೆಸರೇ 'ಮುಸಲ್ಮಾನ್' ಪದದಿಂದ ಬಂದುದು. ಆ ದೇಶ 2022ರಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟು 2025ರಲ್ಲಿ ವೈದ್ಯರ ಚೀಟಿಗೆ ಸೀಮಿತಗೊಳಿಸಿತು. ನಮಗಂತೂ ಮತ್ತೇರಿಸುವ ವಸ್ತು ಎಂದೂ ನಿಷಿದ್ಧವೇ.

ಪ್ರಯಾಣಿಕರಿಗೆ ನಾಲ್ಕು ರಕಅತ್‌ನ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸಿ ಅಲ್ಲಾಹನು ಸುಲಭಗೊಳಿಸಿದ್ದಾನೆ. ಕಿಬ್ಲಾ ಇಲ್ಲಿಯಂತೆ ಅಲ್ಲಿಯೂ ಪಶ್ಚಿಮದ ಕಡೆಗೆ, ತುಸು ಉತ್ತರಕ್ಕೆ ವಾಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ ಎಂಬುದು ನೆನಪಿರಲಿ.

ಥಾಯ್ ಜನ ಇನ್ನೊಬ್ಬರ ತಲೆ ಮುಟ್ಟುವುದಿಲ್ಲ, ಪಾದವನ್ನು ಯಾರ ಕಡೆಗೂ ಚಾಚುವುದಿಲ್ಲ, ಮನೆಯೊಳಗೆ ಚಪ್ಪಲಿ ತರುವುದಿಲ್ಲ. ರಾಜಮನೆತನದ ಬಗ್ಗೆ ಹಗುರವಾಗಿ ಆಡಿದರೆ ಜೈಲು ಶಿಕ್ಷೆಯೇ ಇದೆ. ಅವರ 'ಸವಾಸ್ದೀ' ಎಂಬ ವಂದನೆಯಲ್ಲಿ ನಮ್ಮ 'ಸ್ವಸ್ತಿ' ಅಡಗಿದೆ. ಬ್ಯಾಂಕಾಕ್ ವಿಮಾನ ನಿಲ್ದಾಣದ ಹೆಸರು 'ಸುವರ್ಣಭೂಮಿ'! ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ನೆರೆಯಲ್ಲೇ ಬಾಳುತ್ತಿರುವ ನಮಗೆ ಇತರರ ಆರಾಧನಾಲಯದ ಮುಂದೆ ಗೌರವದಿಂದ ನಡೆಯುವುದನ್ನು ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು. ಪತಿ ಪತ್ನಿ ಪರಸ್ಪರ ಉಡುಪಿನಂತೆ ಎನ್ನುತ್ತದೆ ಕುರ್‌ಆನ್. ಉಡುಪು ಮರೆಮಾಡುತ್ತದೆ. ಏಕಾಂತದ ಚಿತ್ರಗಳನ್ನು ಊರವರ ಮೊಬೈಲಿಗೆಲ್ಲ ಹಂಚುವ ಚಪಲವನ್ನು ಮಾತ್ರ ಇಬ್ಬರೂ ಬಿಡಲಿ.

ಕೈಗೆಟುಕದಿದ್ದರೆ?

ಅದರಲ್ಲಿ ಅವಮಾನವೇನೂ ಇಲ್ಲ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯಿದೆ. ಬಿಸಿಲೆಯ ಹಸಿರು ಕಣಿವೆಯಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 57 ಸುರಂಗಗಳನ್ನು ದಾಟಿ ಇಳಿಯುವ ರೈಲಿದೆ. ಶೆಟ್ಟಿಹಳ್ಳಿಯಲ್ಲಿ ಮಳೆಗಾಲದ ಹಿನ್ನೀರಿನಲ್ಲಿ ನಿಲ್ಲುವ ಹಳೆಯ ಚರ್ಚ್ ಇದೆ. ಅರಕಲಗೂಡಿನ ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತಾಳೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಮಗ್ರಿಬ್ ಹೊತ್ತಿಗೆ ಮನೆ ಸೇರಬಹುದು.

ಮಗನ ಮದುವೆಗೆ ಸಿದ್ಧರಾಗುತ್ತಿರುವ ತಾಯಂದಿರೇ, ಸೊಸೆಯ ತವರಿನಿಂದ ಟಿಕೆಟ್ ಕೇಳಬೇಡಿ. ಮಗ ದುಡಿದು ಕರೆದೊಯ್ಯಲಿ, ಎಲ್ಲಿಗೆಂದು ಅವಳನ್ನು ಕೇಳಿ ಕರೆದೊಯ್ಯಲಿ. ಹಾಗೆ ಹೋದದ್ದು ಫುಕೆಟ್‌ಗಾದರೂ ಬಿಸಿಲೆಗಾದರೂ ಅವಳು ಅದನ್ನು ಸಂತೋಷದಿಂದ ನೆನೆಯುತ್ತಾಳೆ. ಅಪ್ಪನ ಸಾಲದಲ್ಲಿ ಹೋದ ಮಧುಚಂದ್ರದ ಪ್ರತಿ ಚಿತ್ರದಲ್ಲೂ ಅವಳಿಗೆ ಕಾಣುವುದು ಅಪ್ಪನ ಮುಖವೇ.